ಮಗಳಿಗೆಂದು ಕಲಿತ ಹಾರ್ಮೋನಿಯಂ

ನಾನು ಹಾರ್ಮೋನಿಯಂ ಮುಂದೆ ಕುಳಿತದ್ದು ಸಂಗೀತದ ಆಸೆಯಿಂದಲ್ಲ, ಮಗಳು ಮಾತಾಡಲಿ ಎಂದು. ಆಗ ನನಗೆ ಇಪ್ಪತ್ತೈದು ದಾಟಿತ್ತು. ಈಗಿನ ಹುಡುಗಿಯರಿಗೆ ಇದನ್ನು ಹೇಳಿದರೆ, 'ಅಜ್ಜೀ, ದಟ್ಸ್ ಸೋ ಯಂಗ್!' ಎಂದು ನಗುತ್ತಾರೆ. ಆ ಕಾಲದಲ್ಲಿ ಇಪ್ಪತ್ತೈದರ ಹೆಂಗಸು ಹೊಸದಾಗಿ ಏನನ್ನೂ ಕಲಿಯುವವಳಲ್ಲ. ಬಂದಷ್ಟನ್ನು ಮಕ್ಕಳಿಗೆ ಹೇಳಿಕೊಟ್ಟು ಸುಮ್ಮನಿರಬೇಕಾದವಳು. ನನ್ನ ಬೆರಳುಗಳೂ ಹಾಗೆಂದೇ ತಿಳಿದುಕೊಂಡಿದ್ದವು ಅಂತ ಕಾಣುತ್ತದೆ. ರೊಟ್ಟಿ ಬಡಿಯಲು, ಕ್ರೋಷಾ ಹಾಕಲು ಸಲೀಸಾಗಿ ಓಡುತ್ತಿದ್ದ ಬೆರಳುಗಳು ಆ ಬಿಳಿ ಕರಿ ಪಟ್ಟಿಗಳ ಮೇಲಿಟ್ಟ ತಕ್ಷಣ ಬೇರೆ ಯಾರದೋ ಆಗಿಬಿಡುತ್ತಿದ್ದವು.

ನಾನು ಓದಿದ್ದು ಬೆಂಗಳೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಪಿಯಾನೋ ಇತ್ತು, ಚಾಪೆಲ್‌ನಲ್ಲಿ ಕಾಲಿನಿಂದ ತುಳಿದು ನುಡಿಸುವ ಆರ್ಗನ್ ಇತ್ತು. ನಮ್ಮ ತಂದೆ ಸೇರಿಸುವಾಗಲೇ ಮದರ್ ಸುಪೀರಿಯರ್‌ಗೆ ಹೇಳಿ ಬಂದಿದ್ದರು: ಇಂಗ್ಲಿಷ್ ಇರಲಿ, ಎಂಬ್ರಾಯ್ಡರಿ ಇರಲಿ, ಮ್ಯೂಸಿಕ್ ಬೇಡ. ಮನೆತನಸ್ಥರ ಹೆಣ್ಣುಮಕ್ಕಳಿಗೆ ವಾದ್ಯ ಏಕೆ ಎಂಬ ಕಾಲ ಅದು. ಮ್ಯೂಸಿಕ್ ಪೀರಿಯಡ್‌ನಲ್ಲಿ ನಾನು ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಕರವಸ್ತ್ರಗಳ ಅಂಚು ಹೊಲಿಯುತ್ತಿದ್ದೆ. ಬಾಗಿಲಾಚೆಯಿಂದ ಸ್ಕೇಲ್‌ಗಳು ಏರುತ್ತಾ ಇಳಿಯುತ್ತಾ ಇದ್ದವು. ಅದರ ಬಗ್ಗೆ ನನಗೆ ದುಃಖವಿತ್ತೆಂದು ಹೇಳಿದರೆ ಸುಳ್ಳಾದೀತು. ಅದು ನನ್ನದಲ್ಲ ಎಂದು ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಬೇಕು ಅಂತಲೂ ಅನ್ನಿಸಿರಲಿಲ್ಲ.

ಮದುವೆಯಾಗಿ ಬಂದದ್ದು ಈ ಶಿವಮೊಗ್ಗದ ಕಡೆಗೆ. ನನ್ನ ಯಜಮಾನರು ರೆವಿನ್ಯೂ ಇಲಾಖೆಯಲ್ಲಿ ಶೇಕ್‌ದಾರರು. ಅಂದರೆ ಹೊಲಗದ್ದೆ, ಕಂದಾಯ, ಸರಹದ್ದಿನ ತಕರಾರು ಎಂದು ಹಳ್ಳಿ ಹಳ್ಳಿ ಅಲೆಯುವ ಕೆಲಸ, ಕೆಲವು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವ ಬದುಕು. ಹೋದಲ್ಲೆಲ್ಲ ನಮ್ಮ ಜೊತೆಗೆ ಅತ್ತೆ. ವಿಧವೆ, ಗಟ್ಟಿ ದನಿಯ ಹೆಂಗಸು, ಅಕ್ಷರ ಬಾರದವರು. ನನ್ನ ಬೆಂಗಳೂರಿನ ಮಾತನ್ನು ಅಣಕಿಸುವುದು ಅವರಿಗೆ ನಿತ್ಯದ ಆಟ. ಆದರೆ ಬೇರೆ ಯಾರಾದರೂ ಅಣಕಿಸಿದರೆ ಸೆರಗು ಬಿಗಿದು ನಿಲ್ಲುವರು.

ಮಗಳು ಹೊನ್ನಾಳಿಯಲ್ಲಿ ಹುಟ್ಟಿದಳು, ನ್ಯಾಮತಿಯಲ್ಲಿ ನಡೆದಳು. ಮಾತು ಮಾತ್ರ ಎಲ್ಲಿಯೂ ಬರಲಿಲ್ಲ.

ಮೊದಮೊದಲು ಯಾರೂ ಅದನ್ನು ಹೇಳಲಿಲ್ಲ. ನ್ಯಾಮತಿಯಲ್ಲಿ ನಮ್ಮ ಬಾಡಿಗೆ ಮನೆ ಸಂತೆ ಮೈದಾನದ ಪಕ್ಕದಲ್ಲೇ ಇತ್ತು. ಸಂತೆಯ ದಿನ ಎತ್ತುಗಳು, ಗಾಡಿಗಳು, ಕೂಗುವವರು, ಜಗಳವಾಡುವವರು. ಅದರ ನಡುವೆ ನನ್ನ ಮಗು ತೊಟ್ಟಿಲಲ್ಲಿ ಹೂವಿನಂತೆ ಮಲಗಿರುತ್ತಿತ್ತು. ನೆರೆಯವರು, 'ಎಂಥ ಸಾಧು ಕೂಸು!' ಎನ್ನುತ್ತಿದ್ದರು. ನನಗೂ ಹೆಮ್ಮೆ. ಒಮ್ಮೆ ಅವಳ ಬೆನ್ನ ಹಿಂದೆಯೇ ಹಿತ್ತಾಳೆ ಕೊಡ ಕೈಜಾರಿ ಮಣ್ಣು ನೆಲದ ಮೇಲೆ ಬಿತ್ತು. ನಾನೇ ಬೆಚ್ಚಿದೆ. ಅವಳು ತನ್ನ ಕಾಲ್ಬೆರಳನ್ನು ನೋಡಿಕೊಳ್ಳುತ್ತಾ ಕುಳಿತೇ ಇದ್ದಳು. ಆ ಸಂಜೆ ನಾನು ಯಜಮಾನರಿಗೆ ಹೇಳಿದೆ. ಅವರು ಉತ್ತರ ಕೊಡುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು.

'ಏನೂ ಇಲ್ಲ ತಗಿ. ಇವನೂ ಹಿಂಗೇ ಇದ್ದ. ನಾಕು ವರ್ಷ ತುಟಿ ಬಿಚ್ಚಲಿಲ್ಲ. ಈಗ ನೋಡು, ಬಾಯಿ ಮುಚ್ಚಾಕೆ ಹೇಳ್ಬೇಕು.'

ಬಜೆ ತೇದು ಜೇನಿನಲ್ಲಿ ಕಲಸಿ ನಾಲಗೆಗೆ ಹಚ್ಚಿದರು. ದೇವರಿಗೆ ಗಂಟೆ ಹರಕೆ ಹೊತ್ತರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಅಲ್ಲಿಯ ಡಾಕ್ಟರು ಮೇಜಿನ ಮೇಲಿದ್ದ ಕರೆಗಂಟೆಯನ್ನು ಮಗುವಿನ ಮುಖದ ಮುಂದೆ ಹಿಡಿದು ಬಾರಿಸಿದರು. ಅವಳು ಅದರ ಹೊಳಪು ನೋಡಿ ಕೈಚಾಚಿ ನಕ್ಕಳು. 'ಶಿ ಹಿಯರ್ಸ್. ವೇಟ್ ಆಂಡ್ ಸೀ' ಎಂದರು. ಆ ಮಾತನ್ನು ಬಸ್ಸಿನ ದಾರಿಯುದ್ದಕ್ಕೂ ಪ್ರಸಾದದ ಹಾಗೆ ಇಟ್ಟುಕೊಂಡು ಬಂದೆ.

ಕಾಯ್ದೆವು. ಮೂರು ತುಂಬಿದರೂ ಅವಳು 'ಅಮ್ಮ' ಎನ್ನಲಿಲ್ಲ. ಆಗ ಅತ್ತೆ ಒಂದು ದಿನ ಅಕ್ಕಿ ಆರಿಸುತ್ತಾ, ಮೊರದಿಂದ ತಲೆಯೆತ್ತದೆ ಹೇಳಿದರು:

'ನಿಮ್ಮ ಮನೇಲಿ ಮಾತು ಎಲ್ಲೈತೆ ಕಣವ್ವಾ, ಕೂಸು ಕಲಿಯಾಕೆ? ಅವನು ಕಾಗದದ ಮುಂದೆ ಕುಂತಿರ್ತಾನೆ. ನೀನು ಆ ಇಂಗ್ಲೀಷ್ ಬುಕ್ಕಿನ ಮುಂದೆ ಮೂಕಿ ಹಂಗೆ ಕುಂತಿರ್ತೀಯ. ನಾನೊಬ್ಬಳು ಎಷ್ಟಂತ ಒದರ್ಲಿ?'

'ಮತ್ತೆ ಏನು ಮಾಡಬೇಕು ಅತ್ತೆ?'

'ಗೋವಿನಕೋವಿ ಊರಲ್ಲಿ ನಮ್ಮ ಚಿಕ್ಕವ್ವನ ಮೊಮ್ಮಗ ಹಿಂಗೇ ಇದ್ದ. ಮೂಕ ಅಂತ್ಲೇ ಬಿಟ್ಟಿದ್ರು. ಅವರ ಮನೇಲಿ ದಿನಾ ಭಜನೆ. ಪೆಟ್ಟಿಗೆ ಬಾರಿಸ್ತಿದ್ರು. ಹಗಲೂ ರಾತ್ರಿ ಕಿವಿಗೆ ನಾದ ಬಿದ್ದು ಬಿದ್ದು, ಒಂದಿನ ಹುಡುಗ ಶಿವಾ ಅಂದೇ ಬಿಟ್ಟ. ಮನೇಲಿ ನಾದ ಬೇಕು.'

'ಪೆಟ್ಟಿಗೆ' ಎಂದರೆ ಹಾರ್ಮೋನಿಯಂ. ನನಗೆ ನಂಬಿಕೆ ಬಂತೋ ಇಲ್ಲವೋ ಹೇಳಲಾರೆ. ಮಾಡಲು ಏನಾದರೂ ಒಂದು ಸಿಕ್ಕಿತಲ್ಲ, ಅಷ್ಟು ಸಾಕಾಗಿತ್ತು. ಬರೀ ಕಾಯುವುದಕ್ಕಿಂತ ಅದೇ ಮೇಲು.

ಅಷ್ಟರಲ್ಲಿ ಚನ್ನಗಿರಿಗೆ ಟ್ರಾನ್ಸ್‌ಫರ್ ಆಯಿತು. ಎರಡನೆಯ ಮಹಾಯುದ್ಧದ ಕಾಲ. ಸೀಮೆಎಣ್ಣೆ ಸಿಗುವುದಿಲ್ಲ, ಬಟ್ಟೆ ಸಿಗುವುದಿಲ್ಲ, ನಾಟಕದ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಹಾಗೆ ಮುಚ್ಚಿದ ಒಂದು ಕಂಪನಿಯ ಹಾರ್ಮೋನಿಯಂ ಮಾಸ್ತರರು ಚನ್ನಗಿರಿಯಲ್ಲೇ ಉಳಿದುಬಿಟ್ಟಿದ್ದರು. ಸಾಬರು, ವಯಸ್ಸಾದವರು, ಎದೆಯಲ್ಲಿ ಕೆಮ್ಮು. ಹಾರ್ಮೋನಿಯಂ ಸಂತೇಬೆನ್ನೂರಿನ ನಮ್ಮ ನೆಂಟರ ಮನೆಯಿಂದ ಬಂತು. ಭಜನೆಯವರು ಹೊಸದು ತಂದ ಮೇಲೆ ಮೂಲೆಗೆ ಬಿದ್ದಿದ್ದ ಹಳೆಯ ಪೆಟ್ಟಿಗೆ. ಒಳಗೆ ಇಲಿ ಮರಿ ಹಾಕಿತ್ತು. ಮಾಸ್ತರರೇ ಬಿಚ್ಚಿ, ರೀಡುಗಳನ್ನು ಒರೆಸಿ, ಗಾಳಿ ಸೋರುವಲ್ಲಿ ತೊಗಲು ಅಂಟಿಸಿ ಸರಿಮಾಡಿದರು.

ನಾವಿದ್ದದ್ದು ಪೇಟೆಯ ಒಂದು ಬೆಲ್ಲದ ಮಂಡಿಯ ಮೇಲೆ. ಕೆಳಗೆ ಅಂಗಡಿ, ಮೇಲೆ ಮರದ ಹಲಗೆ ಹಾಸಿದ ಮಹಡಿ, ಅದರಲ್ಲಿ ನಮ್ಮ ಸಂಸಾರ. ಬೇಸಿಗೆಯಲ್ಲಿ ಬೆಲ್ಲದ ವಾಸನೆ ಹಾಸಿಗೆಗೂ ಅಂಟಿಕೊಳ್ಳುತ್ತಿತ್ತು. ಬೀದಿಯಿಂದ ಮರದ ಮೆಟ್ಟಿಲು ಹತ್ತಿ ಬಂದರೆ ಒಂದು ಸಣ್ಣ ಅಂಕಣ, ಆಮೇಲೆ ನಮ್ಮ ದೊಡ್ಡ ಕೋಣೆ. ಎರಡರ ನೆಲಕ್ಕೂ ಅವೇ ಉದ್ದುದ್ದ ಹಲಗೆಗಳು, ಈ ತುದಿಯಿಂದ ಆ ತುದಿಗೆ.

ಪರಗಂಡಸು ಒಳಗೆ ಬಂದು ಸೊಸೆಗೆ ಕಲಿಸುವುದನ್ನು ಅತ್ತೆ ಒಪ್ಪಲಿಲ್ಲ. ಮಾಸ್ತರರೂ ಹಾಗೆ ಕೇಳಲಿಲ್ಲ, ಅವರಿಗೂ ಮರ್ಯಾದೆ ಗೊತ್ತಿತ್ತು. ಕೋಣೆಗೂ ಅಂಕಣಕ್ಕೂ ನಡುವೆ ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ಪರದೆಯಾಗಿ ಕಟ್ಟಿದೆವು. ಆಚೆ ಮಾಸ್ತರರು, ಈಚೆ ನಾನು. ಪಕ್ಕದಲ್ಲಿ ಕಾವಲಿಗೆ ಬತ್ತಿ ಹೊಸೆಯುತ್ತಾ ಅತ್ತೆ. ಮಗಳು ಆಡುತ್ತಾ ಅಲ್ಲೇ.

ಮಾಸ್ತರರು ನನ್ನ ಕೈ ನೋಡುವ ಹಾಗಿಲ್ಲ, ಬರೀ ಕೇಳಬೇಕು. ನಾನು ಅವರ ಜೊತೆ ನೇರ ಮಾತಾಡುವ ಹಾಗಿಲ್ಲ, ಅತ್ತೆಯ ಮೂಲಕ. ಮೊದಲ ದಿನಗಳ ಪಾಠ ಹೀಗೆ ನಡೆಯುತ್ತಿತ್ತು.

'ಮಾಸ್ತರ್ರೇ, ನಮ್ಮ ಸೊಸೆ ಕೇಳ್ತಾಳೆ, ಹೆಬ್ಬೆಟ್ಟು ಹಚ್ಚಬೋದಾ ಅಂತ.'

'ಕರೀ ಮನಿ ಮ್ಯಾಲೆ ಹೆಬ್ಬೆಟ್ಟು ಬ್ಯಾಡ್ರಿ ತಾಯಿ. ಹೆಬ್ಬೆಟ್ಟು ಓದು ಬರದೋರಿಗೆ. ನೀವು ಕಾನ್ವೆಂಟ್‌ನೋರು.'

ಪಟ್ಟಿಗಳಿಗೆ ಅವರು 'ಮನೆ' ಎನ್ನುತ್ತಿದ್ದರು. ಬಿಳಿ ಮನೆ, ಕರಿ ಮನೆ. ಎಡಗೈಯಲ್ಲಿ ತಿದಿ ಒತ್ತುವುದು, ಬಲಗೈಯಲ್ಲಿ ಮನೆ ಹಿಡಿಯುವುದು. ಹೇಳಲು ಸುಲಭ. ನನ್ನ ಎರಡೂ ಕೈ ಒಂದನ್ನೊಂದು ಕಾಯುತ್ತಿದ್ದವು. ಪ್ರತಿ ಸ್ವರಕ್ಕೂ ಒಂದು ಸಲ ತಿದಿ ಒತ್ತುವೆ. ಪೆಟ್ಟಿಗೆ ಹಸುವಿನ ಹಾಗೆ ಉಸಿರುಬಿಡುವುದು.

'ತಾಯೀ,' ಪರದೆಯಾಚೆಯಿಂದ, 'ಕುಲುಮೆ ಊದಾಕೆ ಕುಂತೀರೇನ್ರಿ? ಕಬ್ಬಿಣ ಕಾದೈತಾ?'

ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ನಗುವರು. ನನಗೆ ಕಣ್ಣಲ್ಲಿ ನೀರು. ಕಾನ್ವೆಂಟಿನಲ್ಲಿ ಕ್ಲಾಸಿಗೆ ಫಸ್ಟ್ ಬರುತ್ತಿದ್ದವಳು ಇಲ್ಲಿ ಸರಿಗಮ ಹತ್ತಿ ಇಳಿಯಲಾರದೆ ಒದ್ದಾಡುತ್ತಿದ್ದೆ. ದೊಡ್ಡವರಾದ ಮೇಲೆ ಕಲಿಯುವುದರ ಕಷ್ಟ ಬೆರಳಿನದಷ್ಟೇ ಅಲ್ಲ. ಮಕ್ಕಳು ತಪ್ಪು ಮಾಡಿ ಮರೆಯುತ್ತಾರೆ. ನಾವು ತಪ್ಪು ಮಾಡುತ್ತಲೇ ನಮ್ಮನ್ನು ನಾವು ನೋಡಿಕೊಳ್ಳುತ್ತಿರುತ್ತೇವೆ.

ಕೆಳಗಿನ ಮಂಡಿಯವರು ಒಮ್ಮೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು: 'ಅಮ್ಮಾರೇ, ನೀವು ಬಾರ್ಸಾಕೆ ಕುಂತ್ರೆ ಹಲಗಿ ಸಂದೀಲಿ ಧೂಳು ಉದುರಿ ಬೆಲ್ಲದ ಮ್ಯಾಲೆ ಬೀಳ್ತೈತ್ರಿ. ಗಿರಾಕಿ ಬೈತಾರೆ.' ನೀರಿಗೆ ಹೋದಲ್ಲಿ ಹೆಂಗಸರ ಮಾತು ಇನ್ನೂ ಖಾರ. 'ಶೇಕ್‌ದಾರ್ರ ಹೆಂಡ್ತಿ ಯಾವ ಕಂಪನಿ ಸೇರ್ತಾರಂತೆ?' ಎಂದು ಒಬ್ಬಳು ಅತ್ತೆಯನ್ನು ಕೇಳಿದಳಂತೆ. ಅತ್ತೆ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು, 'ಸೇರ್ತಾಳೆ ಕಣೇ. ಬಾಗಿಲಲ್ಲಿ ಟಿಕೀಟು ಹರಿಯಾಕೆ ನಿನ್ನ ಗಂಡನೇ ಬೇಕಂತೆ, ಕಳಿಸ್ತೀಯಾ?' ಎಂದು ಬಂದರಂತೆ. ಮನೆಗೆ ಬಂದು ನನಗೆ ಅಭಿನಯ ಮಾಡಿ ತೋರಿಸಿದರು. ಆದರೆ ಅವತ್ತು ಮಲಗುವ ಮುಂಚೆ, 'ಬ್ಯಾಗ ಕಲಿಯವ್ವಾ. ಕೂಸಿಗೆ ವಯಸ್ಸಾಗ್ತೈತೆ' ಎಂದರು.

ಮಳೆಗಾಲ ಮುಗಿದಿತ್ತು. ಒಂದು ಮಧ್ಯಾಹ್ನ ಪಾಠ ನಡೆಯುತ್ತಿತ್ತು. ಮಗಳು ಪರದೆಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತು, ಖಾಲಿಯಾದ ನೂಲಿನ ರೀಲುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ನನ್ನ ಲಯ ತಪ್ಪುತ್ತಿದೆಯೆಂದು ಮಾಸ್ತರರಿಗೆ ಸಿಟ್ಟು ಬಂತು. 'ಹಿಂಗಲ್ರೀ ತಾಯಿ, ಇಲ್ಲಿ ಕೇಳ್ರಿ' ಎಂದು ಅಂಗೈಯಿಂದ ಹಲಗೆಯ ಮೇಲೆ ತಾಳ ಬಡಿದರು.

ಮಗಳ ಕೈ ನಿಂತಿತು. ತಿರುಗಿ ಪರದೆಯ ಕಡೆ ನೋಡಿದಳು.

ಮಾಸ್ತರರು ನಿಲ್ಲಿಸಿದರು. ಅವಳು ಮತ್ತೆ ರೀಲುಗಳ ಕಡೆ ತಿರುಗಿದಳು.

ಅತ್ತೆಯ ಕೈಯಿಂದ ಬತ್ತಿ ಜಾರಿತು. 'ಮಾಸ್ತರ್ರೇ,' ಎಂದರು. ದನಿ ಅವರದೇ ಎನ್ನಿಸಲಿಲ್ಲ. 'ಇನ್ನೊಂದ್ಸಲ ಬಡೀರಿ.'

ಬಡಿದರು. ಅವಳು ತಿರುಗಿದಳು. ಈ ಸಲ ಎದ್ದು ಪರದೆಯ ಹತ್ತಿರ ಹೋಗಿ ಸೀರೆಯ ಮೇಲೆ ಕೈಯಿಟ್ಟಳು.

ಆಚೆ ಇದ್ದ ಮನುಷ್ಯ ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ಅವರ ಕೈ ಏಳುವುದು ಇಳಿಯುವುದು ಕಾಣುತ್ತಿರಲಿಲ್ಲ. ಹಾಗಾದರೆ ಕಿವಿಯಿಂದಲ್ಲದೆ ಮತ್ತೆ ಹೇಗೆ? ದಟ್ ವಾಸ್ ಅವರ್ ಪ್ರೂಫ್. ಮುಖದ ಮುಂದೆ ಗಂಟೆ ಬಾರಿಸಿದ ಡಾಕ್ಟರಿಗಿಂತ ನಮ್ಮ ಪರದೆ ದೊಡ್ಡ ಡಾಕ್ಟರಾಯಿತು.

ಸಂಜೆ ಯಜಮಾನರು ಹಳ್ಳಿಗಳ ಸರ್ಕೀಟಿನಿಂದ ಬಂದ ಕೂಡಲೇ, ಕಾಲು ತೊಳೆಯುವುದಕ್ಕೂ ಬಿಡದೆ ಅತ್ತೆ ಅವರನ್ನು ಪರದೆಯಾಚೆ ಕೂರಿಸಿದರು. 'ಬಡಿ.' ಅವರು ಬಡಿದರು. ಮಗಳು ತಿರುಗಿದಳು. ಆಚೆಯಿಂದ, 'ತಿರುಗಿದಳಾ?' ಎಂದು ಕೇಳಿದರು. ನಾನು ಹೂಂ ಎಂದೆ. ಮತ್ತೆ ಬಡಿದರು. 'ಈಗ?' 'ಹೂಂ ರೀ.' ಹಾಗೆಯೇ ಎಷ್ಟೋ ಹೊತ್ತು. ಪರದೆ ಸರಿಸಿ ಬಂದಾಗ ಅವರ ಮುಖ ನೋಡಿ ನಾನು ಅಡಿಗೆಮನೆಗೆ ಹೋಗಿಬಿಟ್ಟೆ. ಗಂಡಸರು ಅಳುವುದನ್ನು ನೋಡಬಾರದೆಂದು ನಮಗೆ ಯಾರೋ ಹೇಳಿಕೊಟ್ಟಿದ್ದರು. ಅತ್ತೆ ಬೀದಿಯ ಮನೆಮನೆಗೂ ಬೆಂಡು ಬತ್ತಾಸು ಹಂಚಿದರು. ಟಿಕೀಟಿನ ಹೆಂಗಸಿಗೆ ಒಂದು ಹಿಡಿ ಜಾಸ್ತಿಯೇ ಕೊಟ್ಟರಂತೆ.

ಅಲ್ಲಿಂದ ನನ್ನ ಬೆರಳು ಓಡತೊಡಗಿತು. ಅದಕ್ಕೆ ಕಾರಣ ಸಾಧನೆಯೋ ಸಂತೋಷವೋ. ಬೆಳಗಿನ ಕೆಲಸ ಮುಗಿದ ತಕ್ಷಣ ಕೂರುವೆ. ಮಧ್ಯಾಹ್ನ ಪಾಠ. ಸಂಜೆ ದೀಪ ಹಚ್ಚಿದ ಮೇಲೆ ಮತ್ತೆ. ತಿದಿ ಒತ್ತುವ ಕೈ ತನ್ನ ಪಾಡಿಗೆ ತಾನು ನಡೆಯುವುದನ್ನು ಕಲಿಯಿತು. ಒಂದು ದಿನ ಸರಿಗಮ ಏರಿ, ಇಳಿದು, ನಿಂತಿತು. ಪರದೆಯಾಚೆಯಿಂದ ಮಾಸ್ತರರು, 'ಈಗ ಪೆಟ್ಟಿಗೆ ಹಾಡ್ತು ನೋಡ್ರಿ ತಾಯಿ' ಎಂದರು. ಕಾರಿಡಾರಿನ ಬೆಂಚಿನ ಹುಡುಗಿಗೆ ಯಾರೋ ಬಾಗಿಲು ತೆರೆದಂತಾಯಿತು. ಅಲ್ಲಿಯವರೆಗೆ ಮಗಳಿಗಾಗಿ ಮಾತ್ರ ಕಲಿಯುತ್ತಿದ್ದೆ. ಆಮೇಲೆ ನನಗಾಗಿಯೂ ಕಲಿತೆ. ಎರಡನ್ನೂ ಬೇರೆ ಮಾಡಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮಗಳು ನನ್ನ ಎದುರೇ ಕೂರುತ್ತಿದ್ದಳು. ಎರಡೂ ಅಂಗೈ ನೆಲಕ್ಕೆ ಊರಿಕೊಂಡು, ಬಾಯಿ ಸ್ವಲ್ಪ ತೆರೆದು. ನಾನು ನಿಲ್ಲಿಸಿದರೆ ಮುಖ ಮುದುಡಿಕೊಳ್ಳುವಳು. ಮತ್ತೆ ಶುರುಮಾಡಿದರೆ ಅರಳುವಳು. ಮಾಸ್ತರರು ತಾಳ ಹಾಕಿದರೆ ತಾನೂ ಹಲಗೆ ಬಡಿಯುವಳು. ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. 'ಯಾರ್ರಿ ಅದು ತಾಳ ಹಾಕ್ತಿರೋದು, ನಿಮ್ಮ ಮಗಳಾ? ತಾಯೀ, ನಿಮಗಿಂತ ಗಟ್ಟಿ ಐದಾಳಲ್ರಿ!' ಎಂದು ಅವರು ಕೆಮ್ಮಿ ಕೆಮ್ಮಿ ನಗುತ್ತಿದ್ದರು. ನಾನು ಒಂದು ಜೋಗುಳ ಕಲಿತೆ. ಹಾಡುತ್ತಾ ನುಡಿಸಿದರೆ ಮಗಳು ನನ್ನ ತುಟಿಯನ್ನೇ ನೋಡುತ್ತಾ ತಾನೂ ಬಾಯಿ ಆಡಿಸುವಳು. ದನಿ ಹೊರಡುತ್ತಿರಲಿಲ್ಲ. 'ಬರ್ತೈತೆ, ತುದೀಗೇ ಬಂದೈತೆ' ಎನ್ನುವರು ಅತ್ತೆ. ಆ ವರ್ಷವೆಲ್ಲ ನಾನು ಬೆಳಿಗ್ಗೆ ಏಳುತ್ತಿದ್ದದ್ದು ಒಂದೇ ಯೋಚನೆಯಿಂದ. ಇವತ್ತು ಅನ್ನುತ್ತಾಳೇನೋ. ಇವತ್ತು 'ಅಮ್ಮ' ಅನ್ನುತ್ತಾಳೇನೋ.

ಜಗಳೂರಿಗೆ ಆರ್ಡರ್ ಬಂದದ್ದು ಮರುವರ್ಷ. ಮಾಸ್ತರರ ಕೊನೆಯ ಪಾಠದ ದಿನ ಅತ್ತೆ ಪರದೆಯ ಕೆಳಗಿನಿಂದ ಎಲೆ ಅಡಿಕೆ, ತೆಂಗಿನಕಾಯಿ, ಒಂದು ಪಂಚೆ ಇಟ್ಟ ತಟ್ಟೆಯನ್ನು ಆಚೆ ಸರಿಸಿದರು. 'ಮಗಳು ಮಾತಾಡಿದ ದಿನ ನನಗೊಂದು ಕಾರ್ಡು ಹಾಕ್ರಿ' ಎಂದರು ಮಾಸ್ತರರು. ಮೆಟ್ಟಿಲಿಳಿಯುವ ಸದ್ದು ಕೇಳಿತು. ಅವರ ಮುಖ ಹೇಗಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ಕೆಮ್ಮನ್ನು ಮಾತ್ರ ಎಲ್ಲಿ ಕೇಳಿದರೂ ಗುರುತಿಸುತ್ತಿದ್ದೆ.

ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು. ನಡುನಡುವೆ ನಿಂತು ಒಲೆ ಕೆದಕಿಸಿಕೊಂಡು ಜಗಳೂರು ಮುಟ್ಟಿತು. ಹಾರ್ಮೋನಿಯಂ ನನ್ನ ಕಾಲಬುಡದಲ್ಲೇ ಇತ್ತು. ಅಲ್ಲಿ ನಮಗೆ ಸಿಕ್ಕಿದ್ದು ಮಾಳಿಗೆ ಮನೆ. ಮೇಲೆ ಮಣ್ಣಿನ ಚಾವಣಿ, ದಪ್ಪ ಗೋಡೆ, ನೆಲಕ್ಕೆ ಉದ್ದುದ್ದ ಚಪ್ಪಡಿ ಕಲ್ಲು. ತಣ್ಣಗಿನ ಮನೆ. ಚನ್ನಗಿರಿಯ ಬೆಲ್ಲದ ನೊಣಗಳಿಂದ ಬಂದ ನಮಗೆ ಸ್ವರ್ಗವಾಗಿ ಕಂಡಿತು.

ಮೊದಲ ವಾರದಲ್ಲೇ ಅಕ್ಕಪಕ್ಕದ ಹೆಂಗಸರು ನೋಡಲು ಬಂದರು. ಅದರಲ್ಲಿ ಒಬ್ಬಾಕೆ ಮಗಳನ್ನು ಮಾತಾಡಿಸಿ, ಉತ್ತರ ಬಾರದ್ದನ್ನು ಕಂಡು, 'ಏನ್ರಿ, ಕೂಸಿಗೆ ಕಿವಿ ಕೇಳಲ್ಲೇನ್ರಿ?' ಎಂದುಬಿಟ್ಟಳು. ಅತ್ತೆಗೆ ರೇಗಿತು. 'ಯಾರಂದ್ರು? ತಾಳ ಹಾಕ್ತಾಳೆ ನನ್ನ ಮೊಮ್ಮಗಳು! ನೋಡ್ತೀಯೇನು?' ಎಂದು ಅಲ್ಲೇ ಬಾಗಿಲಿಗೆ ಸೀರೆ ಕಟ್ಟಿಸಿ, ತಾವೇ ಆಚೆ ಹೋಗಿ ಕುಳಿತು ನೆಲ ಬಡಿದರು.

ಮಗಳು ಕಲ್ಲುಹರಳು ಜೋಡಿಸುತ್ತಿದ್ದಳು. ತಿರುಗಲಿಲ್ಲ.

'ಬಡೀತಿದೀನಿ ಕಣವ್ವಾ, ತಿರುಗಿದಳಾ?'

ಅತ್ತೆ ಇನ್ನೂ ಜೋರಾಗಿ ಬಡಿದರು. ಕೈಯ ಬೆಳ್ಳಿ ಕಡಗ ಕಲ್ಲಿಗೆ ತಾಗಿದ ಸದ್ದು ಬಂತು. ಆಮೇಲೆ ಹಿತ್ತಾಳೆ ತಟ್ಟೆ ತಂದು ಸೌಟಿನಿಂದ ಬಾರಿಸಿದರು. ಬಂದ ಹೆಂಗಸರು ಕಿವಿ ಮುಚ್ಚಿಕೊಂಡರು. ಮಗಳು ಒಂದು ಹರಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

'ಹೊಸ ಜಾಗ. ಬೆದರ್ಯಾಳೆ' ಎಂದರು ಅತ್ತೆ, ಪರದೆ ಸರಿಸಿ ಬಂದು. ಅಂಗೈ ಕೆಂಪಾಗಿತ್ತು.

ಹೊಸ ಜಾಗ ಹಳೆಯದಾಯಿತು. ನಾನು ನುಡಿಸುತ್ತಲೇ ಇದ್ದೆ. ಮಗಳು ಬಂದು ಎದುರಿಗೆ ಕೂರುವಳು, ಅಂಗೈಗಳನ್ನು ನೆಲಕ್ಕೆ ಊರುವಳು, ಕಾಯುವಳು. ಆಮೇಲೆ ಎತ್ತಿ ಬೇರೆ ಕಡೆ ಊರುವಳು. ಏನನ್ನೋ ಹುಡುಕುವ ಹಾಗೆ. ನನ್ನ ಮುಖ ನೋಡುವಳು. ನಾನು ಜೋರಾಗಿ ತಿದಿ ಒತ್ತುವೆ, ದನಿ ಹೆಚ್ಚಲೆಂದು ಎಲ್ಲ ಸ್ಟಾಪರ್ ಗುಬ್ಬಿಗಳನ್ನೂ ಎಳೆಯುವೆ. ಅವಳು ಎದ್ದು ಹೋಗುವಳು.

ಒಂದು ಬೆಳಿಗ್ಗೆ ಅವಳು ಹಜಾರದ ಮರದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ನಾನು ನೆಲ ಸಾರಿಸುತ್ತಾ ಹೋದಾಗ ಬಕೆಟ್ಟು ಮಂಚದ ಕಾಲಿಗೆ ಬಡಿಯಿತು. ಅಂಥ ಸದ್ದೇನೂ ಅಲ್ಲ. ಅವಳು ತಟ್ಟನೆ ತಿರುಗಿದಳು.

ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟೆ. ಅವಳು ಮತ್ತೆ ಗೋಡೆಯ ಕಡೆ ತಿರುಗುವವರೆಗೆ ಕಾಯ್ದೆ. ಮಂಚದ ಪಕ್ಕದ ಕಲ್ಲನ್ನು ಬಡಿದೆ. ಇಲ್ಲ. ಚಪ್ಪಾಳೆ ತಟ್ಟಿದೆ. ಇಲ್ಲ. ಅವಳನ್ನು ಕೂಗಿದೆ, ಹೆಸರು ಹಿಡಿದು, ಬೆನ್ನಿಗೆ ಅಷ್ಟು ಹತ್ತಿರದಿಂದ. ಇಲ್ಲ. ಕೊನೆಗೆ ಒಂದು ಬೆರಳಿನಿಂದ ಮಂಚದ ಕಾಲನ್ನು ಮೆಲ್ಲಗೆ ತಟ್ಟಿದೆ. ತಿರುಗಿ ನನ್ನನ್ನು ನೋಡಿ ನಕ್ಕಳು.

ಚನ್ನಗಿರಿಯ ಆ ಉದ್ದುದ್ದ ಹಲಗೆಗಳು ಆಗ ನನ್ನ ಕಣ್ಣ ಮುಂದೆ ಬಂದವು. ಪರದೆ ಸೀರೆಯದು. ಅದು ಕಣ್ಣನ್ನು ತಡೆಯಿತು. ಅದರ ಅಡಿಯಲ್ಲಿ ನೆಲ ಒಂದೇ ಇತ್ತಲ್ಲ. ಮಾಸ್ತರರ ಅಂಗೈ ಬಡಿದದ್ದು ಹಲಗೆಯೊಳಗೆ ನಡೆದು ಬಂದು ಅವಳ ಮೈಯನ್ನು ಮುಟ್ಟುತ್ತಿತ್ತು. ಅವಳು ಕೇಳಿದ್ದಲ್ಲ. ಒಂದು ದಿನವೂ, ಒಂದು ಸ್ವರವನ್ನೂ ಕೇಳಿದ್ದಲ್ಲ.

ಯಜಮಾನರು ಊಟಕ್ಕೆ ಬಂದಾಗ ಹೇಳಿದೆ. ಅವರು ಮಂಚದ ಕಾಲು ತಟ್ಟಿ ನೋಡಿದರು, ನೆಲ ತಟ್ಟಿ ನೋಡಿದರು. ಆಮೇಲೆ ಕೈ ತೊಳೆದುಕೊಂಡು ಬಂದು ಎಲೆಯ ಮುಂದೆ ಕುಳಿತರು. ಉಣ್ಣಲಿಲ್ಲ. ಬಡಿಸುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

'ನೆಲ ಕಲ್ಲಿಂದು ಅಂತ ಕೂಸು ಕಿವುಡಾತೇನೋ? ಅಲ್ಲಿ ಕೇಳ್ತಿದ್ಲು. ನಾನೇ ಕಂಡೀನಿ. ನೀನೂ ಕಂಡೀಯ. ಅರ್ಜಿ ಹಾಕೋ, ವಾಪಸ್ಸು ಚನ್ನಗಿರಿಗೆ ಹೋಗಾನ. ಅಲ್ಲಿ ಕೂಸಿಗೆ ಕೇಳ್ತೈತೆ.'

'ಅವ್ವಾ,' ಎಂದರು ಯಜಮಾನರು, 'ಅಲ್ಲೂ ಕೇಳ್ತಿರ್ಲಿಲ್ಲ.'

ಅತ್ತೆಯ ಕೈಯಲ್ಲಿ ಸಾರಿನ ಸೌಟು ಹಾಗೇ ಇತ್ತು. ಅವರು ನನ್ನ ಕಡೆ ನೋಡಿದರು, ನಾನಾದರೂ ಅಲ್ಲಿ ಕೇಳುತ್ತಿತ್ತು ಎನ್ನಲಿ ಎಂದು. ಅಷ್ಟು ವರ್ಷಗಳಲ್ಲಿ ಅವರು ನನ್ನಿಂದ ಕೇಳಿದ್ದು ಅದೊಂದೇ ಅಂತ ಕಾಣುತ್ತದೆ. ಅದು ನನ್ನಲ್ಲಿರಲಿಲ್ಲ.

ಹಾರ್ಮೋನಿಯಂ ಮುಚ್ಚಿದೆ. ತಿದಿಯನ್ನು ಒಳಕ್ಕೆ ಒತ್ತಿ ಕೊಕ್ಕೆ ಹಾಕಿ, ಮೇಲೆ ದುಪ್ಪಟಿ ಹೊದಿಸಿ, ಹಜಾರದ ಮೂಲೆಗೆ ಸರಿಸಿದೆ. ಮಂಚದ ಮೇಲಿಟ್ಟು ನುಡಿಸಬಹುದಿತ್ತು. ಅವಳಿಗೆ ಆ ನಡುಕವಾದರೂ ಸಿಗುತ್ತಿತ್ತು. ಗೊತ್ತಿದ್ದೂ ಆಗಲಿಲ್ಲ. ಐ ಕುಡ್ ನಾಟ್ ಬೇರ್ ಇಟ್. ಒಂದು ಇಡೀ ವರ್ಷ ನಾನು ಜೋಗುಳವೆಂದು ಕೊಟ್ಟದ್ದು ಅವಳಿಗೆ ಎತ್ತಿನ ಗಾಡಿ ಹೋದ ಹಾಗೆ, ಯಾರೋ ಮೆಟ್ಟಿಲು ಹತ್ತಿದ ಹಾಗೆ ಮುಟ್ಟಿತ್ತು ಎಂದು ನೆನೆದರೆ ಬೆರಳು ಮಡಚಿಕೊಳ್ಳುತ್ತಿತ್ತು. ಇನ್ನೂ ಒಂದು ಇತ್ತು, ಅದನ್ನು ಯಾರಿಗೆ ಹೇಳಲಿ? ನನಗೆ ನುಡಿಸಬೇಕೆನ್ನಿಸುತ್ತಿತ್ತು. ಅಡಿಗೆಮನೆಯಲ್ಲಿ ನಿಂತಾಗ ಬೆರಳು ತಾನಾಗಿ ಕಟ್ಟೆಯ ಮೇಲೆ ನಡೆಯುತ್ತಿತ್ತು. ಕೇಳಬೇಕಾದವಳಿಗೇ ಕೇಳದ್ದನ್ನು ನಾನು ಕೇಳಿ ಸುಖಪಡುವುದೇ ಎಂದು ಕೈ ಕಟ್ಟಿಕೊಳ್ಳುತ್ತಿದ್ದೆ.

ಮನೆ ಸುಮ್ಮನಾಯಿತು. ಅತ್ತೆಯೂ ಸುಮ್ಮನಾದರು. ಅದೇ ಹೆಚ್ಚು ನೋಯಿಸಿತು. 'ಒದರಿ ಏನಾಗಬೇಕೈತೆ' ಎಂದು ಒಂದು ದಿನ ಅಂದರು, ನಾನು ಕೇಳದೆಯೇ. ಯಜಮಾನರು ದೂರದ ಊರಿನ ಕಿವುಡು ಮಕ್ಕಳ ಶಾಲೆಯ ವಿಚಾರ ತಂದರು. ಅಲ್ಲಿಗೆ ಸೇರಿಸಿದ್ದು, ಬಿಟ್ಟುಬಂದದ್ದು ಬೇರೆಯೇ ಕಥೆ. ಅದನ್ನು ಬರೆಯುವ ಶಕ್ತಿ ಇನ್ನೂ ಬಂದಿಲ್ಲ. ಅದಕ್ಕೆ ಮುಂಚಿನ ಒಂದು ಮಧ್ಯಾಹ್ನದ ಬಗ್ಗೆ ಮಾತ್ರ ಹೇಳುತ್ತೇನೆ.

ನಾನು ಹಿತ್ತಲಲ್ಲಿ ಬಟ್ಟೆ ಹರವಿ ಒಳಗೆ ಬಂದೆ. ಹಜಾರದಲ್ಲಿ ಟಿಕ್ ಟಿಕ್ ಎಂದು ಸಣ್ಣ ಸದ್ದು. ಮಗಳು ದುಪ್ಪಟಿ ಎಳೆದು ಹಾಕಿ, ಹಾರ್ಮೋನಿಯಂ ಮುಚ್ಚಳ ತೆಗೆದು, ಅದರ ಮುಂದೆ ಕುಳಿತಿದ್ದಳು. ನಾನು ಕೂರುವ ಹಾಗೆಯೇ, ಒಂದು ಕಾಲು ಮಡಚಿ. ಎಡಗೈ ತಿದಿಯ ಮೇಲೆ. ಕೊಕ್ಕೆ ಬಿಚ್ಚಿರಲಿಲ್ಲ, ತಿದಿ ಅಲ್ಲಾಡುತ್ತಿರಲಿಲ್ಲ, ಅವಳು ಸುಮ್ಮನೆ ಅದನ್ನು ಸವರುತ್ತಿದ್ದಳು. ಬಲಗೈ ಬೆರಳು ಮನೆಯಿಂದ ಮನೆಗೆ ಓಡುತ್ತಿತ್ತು, ಮನಸ್ಸಿಗೆ ಬಂದ ಹಾಗೆ. ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಪಟ್ಟಿಗಳು ಬಿದ್ದು ಏಳುವ ಸದ್ದಷ್ಟೇ. ಬಾಯಿ ತೆರೆದು ಮುಚ್ಚಿ ಹಾಡುತ್ತಿದ್ದಳು. ತಲೆ ಒಂದು ಕಡೆ ವಾಲಿತ್ತು, ಹುಬ್ಬು ಮೇಲೇರಿತ್ತು. ನುಡಿಸುವಾಗ ನನ್ನ ಮುಖ ಹೇಗಿರುತ್ತದೆಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು. ಅವರು ಪಿಸುಗುಟ್ಟಿದರು, ಮಗುವಿಗೆ ಕೇಳಿಬಿಟ್ಟೀತು ಎಂಬಂತೆ: 'ಕೊಕ್ಕೆ ಬಿಚ್ಚವ್ವಾ. ಕೂಸಿಗೆ ತಿಳಿಯಾಕಿಲ್ಲ. ಸದ್ದೇ ಬರ್ತಿಲ್ಲ.'

ನಾನು ಹೋಗಿ ಬಗ್ಗಿ ಕೊಕ್ಕೆಗೆ ಕೈ ಹಾಕಿದೆ. ಮಗಳು ನನ್ನ ಕೈಯನ್ನು ಸರಿಸಿದಳು. ಸಿಟ್ಟಿನಿಂದಲ್ಲ, ಪಾಠದ ನಡುವೆ ಯಾರಾದರೂ ಬಂದರೆ ನಾನು ಸರಿಸುತ್ತಿದ್ದ ಹಾಗೆ. ಆಮೇಲೆ ತನ್ನ ಎದುರಿನ ನೆಲವನ್ನು ಬೆರಳಿನಿಂದ ತೋರಿಸಿದಳು. ತಾನು ದಿನಾ ಕೂರುತ್ತಿದ್ದ ಜಾಗ.

ಕುಳಿತೆ. ಅತ್ತೆ ಮಂಡಿ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ಮಗಳು ನಮ್ಮಿಬ್ಬರನ್ನೂ ನೋಡಿ, ಸಮಾಧಾನವಾದ ಮೇಲೆ, ಮುಂದುವರಿಸಿದಳು. ಅವಳಿಗೆ ಇದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೆರಳು ಓಡುತ್ತಿದೆ, ಬಾಯಿ ತೆರೆಯುತ್ತಿದೆ, ಎದುರಿಗೆ ಕುಳಿತವರು ನೋಡುತ್ತಿದ್ದಾರೆ. ಅಮ್ಮ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ. ಬೀದಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದರು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ನಡುವೆ ಒಮ್ಮೆ ಆ ತುಟಿಗಳು ಕೂಡಿ ಬೇರೆಯಾದವು, 'ಅಮ್ಮ' ಎನ್ನುವಾಗ ಕೂಡುವ ಹಾಗೆ. ಅದು ಜೋಗುಳದ ಯಾವುದೋ ಮಾತಿರಬೇಕು.

ಮುಗಿಸಿ, ಕೈ ಮಡಿಲಲ್ಲಿಟ್ಟುಕೊಂಡು, ನಮ್ಮ ಮುಖ ನೋಡಿದಳು.

'ಭೇಷ್' ಎಂದರು ಅತ್ತೆ, ಜೋರಾಗಿ, ತಮ್ಮ ಹಳೆಯ ದನಿಯಲ್ಲಿ. ನಾನು ತಲೆದೂಗಿದೆ. ಅವಳು ನಾಚಿಕೊಂಡು ನಕ್ಕಳು. ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು, ಇನ್ನೊಂದು ಹಾಡು ಶುರು ಮಾಡಿದಳು.